ಬಿಸಿಲಿಗೆ ಕಟ್ಟುವ ಬಣ್ಣ

ಗುಳೇದಗುಡ್ಡದ ಕನ್ನಡ ಶಾಲೆ, ಎರಡನೇ ಖೋಲಿ.
ಗೋಡೆಯ ಮೇಲೆ ಹದಿಮೂರರ ಮಗ್ಗಿ ಅರ್ಧ ಅಳಿಸಿತ್ತು.
ನನ್ನ ಕೆಲಸ ಇಷ್ಟೇ:
ಎಡಗೈ ತೋರುಬೆರಳು,
ಉಗುರಿನಿಂದ ಮೊದಲ ಗೆಣ್ಣಿನವರೆಗೆ
ಒಂದು ಗೆರೆ.
ಮುಖ ನೋಡುವಷ್ಟು ಪುರುಸೊತ್ತಿಲ್ಲ.
ಹುನಗುಂದದಿಂದ ಡ್ಯೂಟಿಗೆ ಬಂದ ಟೀಚರಿಗೆ
ಆ ಊರು ಪರಿಚಯವಾದದ್ದು ಬೆರಳುಗಳಿಂದ.

ಕಂಡಿಕೆ ಸುತ್ತುವ ಹೆಂಗಸರ ಬೆರಳಲ್ಲಿ
ನೂಲು ಕೊರೆದ ಸಣ್ಣ ಕಾಲುವೆ;
ನನ್ನ ಶಾಯಿ ಅದರೊಳಗೆ ತಾನೇ ಹರಿಯಿತು.
ಕಲ್ಲುಗಣಿಯವನೊಬ್ಬ ಕೈ ಚಾಚಿದ, ತೋರುಬೆರಳೇ ಇಲ್ಲ.
"ಬಾಜೂಕಿನದಕ್ಕ ಹಚ್ರಿ ಟೀಚರ್,
ಅದಕ್ಕ ಎಲ್ಲಾ ರೂಢಿ ಐತಿ."

ಹನ್ನೊಂದು ದಾಟಿತ್ತು.
ಕ್ರಮಸಂಖ್ಯೆ ಆರುನೂರಾ ಹನ್ನೆರಡು, ರಾಚಪ್ಪ ಬಣ್ಣದ.
ಹೆಸರು ಓದಿ ಮುಗಿಯುವ ಮೊದಲೇ
ಮೇಜಿನ ಮೇಲೆ ಒಂದು ಕೈ ಬಂದು ಕೂತಿತು:
ಐದೂ ಬೆರಳು, ಉಗುರು, ಉಗುರಿನ ಸಂದಿ, ಮಣಿಕಟ್ಟಿನ ತನಕ
ಕರಿನೀಲಿ.
ಕಡ್ಡಿ ಅದ್ದಿ ಹಿಡಿದವಳು ಹಾಗೇ ಕೂತೆ.
ಎಲ್ಲಿ ಹಚ್ಚಲಿ?

"ಹಚ್ಚಿಸ್ಕೊಂಡs ಬಂದಾನ್ರೀ ಇಂವಾ!" ಒಬ್ಬ ಏಜೆಂಟ ಎದ್ದ.
"ಐದೂ ಬೆರಳಿಗೆನು, ಐದ ಊರಾಗ?" ಇನ್ನೊಬ್ಬ ನಕ್ಕ.
ಸಾಹೇಬರು ಕೈಪಿಡಿ ತಿರುವಿದರು.
ಬೆರಳಿಲ್ಲದವನಿಗೆ ನಿಯಮ ಇತ್ತು,
ಕೈಯೇ ಇಲ್ಲದವನಿಗೂ ಇತ್ತು.
ಮೂವತ್ತು ವರ್ಷ ಬಣ್ಣದ ಹಂಡೆಯಲ್ಲಿ ಅದ್ದಿದ ಕೈಗೆ
ಒಂದು ಸಾಲೂ ಇರಲಿಲ್ಲ.

ರಾಚಪ್ಪ ಸಿಟ್ಟಾಗಲಿಲ್ಲ.
"ನನ್ನ ಪಾಳಿ ಹಿಡಿಯವಾ" ಎಂದು ಹಿಂದಿನವಳಿಗೆ ಹೇಳಿ
ಅಂಗಳಕ್ಕೆ ಇಳಿದ.
ಕಿಟಕಿಯಿಂದ ಕಾಣುತ್ತಿತ್ತು:
ಮೊದಲು ಉಸುಕು, ಆಮೇಲೆ ಇಟ್ಟಂಗಿ ಚೂರು,
ಆಮೇಲೆ ಬಿಸಿಯೂಟದ ಪಾತ್ರೆ ತಿಕ್ಕುವ ನಾರು.
ಹ್ಯಾಂಡಪಂಪು ಒತ್ತುತ್ತಿದ್ದವನು ಬಂದೋಬಸ್ತಿನ ಪೊಲೀಸ.
ಅವನ ಲಾಠಿ ಬೇವಿನ ಗಿಡಕ್ಕೆ ಒರಗಿತ್ತು.

ಕಾಲು ತಾಸಿಗೆ ಮರಳಿದ.
ನಾಲ್ಕು ಬೆರಳು ಹಾಗೇ ಇದ್ದವು.
ಒಂದು ಮಾತ್ರ ಕೆಂಪಗೆ, ಈಗ ಹುಟ್ಟಿದ ಕೂಸಿನ ಹಾಗೆ;
ಗೆಣ್ಣಿನ ಹತ್ತಿರ ನೆತ್ತರು ಒಸರಿತ್ತು.
"ಉರೀತದ್ರಿ" ಅಂದೆ.
"ಹಚ್ರಿ" ಅಂದ.

ಶಾಯಿಯನ್ನು ಕಸಬುದಾರನ ಕಣ್ಣಿನಿಂದ ನೋಡಿದ.
"ಇದು ನೆರಳಾಗ ಕಟ್ಟೂ ಬಣ್ಣ ಅಲ್ರಿ.
ಬಿಸಲಿಗಿ ಹಿಡದ್ರ ಕಟ್ಟತೈತಿ."
ಆರಲಿ ಎಂದು ಊದುತ್ತ, ನನಗೋ ಬೆರಳಿಗೋ ಹೇಳಿದ:
"ನಾ ಎಡಚ ರೀ.
ಕೂಲಿ ಸಲುವಾಗಿ ಒಮ್ಮಿ ಇದs ಕೈಲೆ ಕಲ್ಲ ಒಗದಿದ್ದೆ.
ಸಾವಕಾರನ ಕಿಡಕಿ ಒಡೀತು.
ಕಿಡಕಿ ಮೂರ ದಿನಕ್ಕ ಹೊಸಾದ ಬಂತು.
ಕೇಸು ಒಂಬತ್ತ ವರ್ಷ ನಡೀತು.
ಕೂಲಿ..."
"ಮುಂದ ನಡೀರಿ, ಮುಂದ!" ಸಾಹೇಬರು ಕೂಗಿದರು.

ರಟ್ಟಿನ ಮರೆಯ ಹಿಂದೆ ಅವನ ಬೆನ್ನು ಬಾಗಿತು.
ಬಹಳ ಹೊತ್ತು ಬಾಗಿಯೇ ಇತ್ತು.
ಆಮೇಲೆ ಆ ಉದ್ದನೆಯ ಸದ್ದು.
ಯಾರಿಗೆ ಒತ್ತಿದನೋ, ಗೆದ್ದನೋ, ಸೋತನೋ ಗೊತ್ತಿಲ್ಲ.
ಗೊತ್ತಾಗಬಾರದು ಎಂದೇ ಆ ರಟ್ಟು.
ಕೂಲಿ ಏರಿತೇ ಎಂದು ಕೇಳಲು
ಮತ್ತೆ ಆ ಊರಿಗೆ ಹೋಗಿಲ್ಲ ನಾನು.
ಹೊರಗೆ ಹೋದವನು ಬಾಗಿಲಲ್ಲೇ ನಿಂತು
ಒಂದು ಬೆರಳನ್ನು ಬಿಸಿಲಿಗೆ ಹಿಡಿದದ್ದು ಮಾತ್ರ ಕಂಡೆ,
ಹೊಸ ಖಣದ ಅಂಚು ಪರೀಕ್ಷಿಸುವವನ ಹಾಗೆ,
ಹಿಂದೆ ಮುಂದೆ ಹೊರಳಿಸಿ.

ಮರುದಿನ ನನ್ನ ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿದ್ದೆ.
ಬಾಜೂ ಮನೆಯ ಶಾಂತವ್ವ ಗೋಡೆಯಾಚೆಯಿಂದ ಇಣುಕಿ
"ಎಷ್ಟ ವೋಟ ಹಾಕೀರಿ ಟೀಚರ್?" ಎಂದು ನಕ್ಕಳು.
ಹತ್ತೂ ಬೆರಳು ಕರ್ರಗಾಗಿದ್ದವು.
ನನ್ನದೊಂದು ಅಂಚೆ ಮತ, ಲಕೋಟೆಯಲ್ಲಿ ಎಂದೋ ಹೋಗಿತ್ತು,
ಕೈಗೆ ಗುರುತು ಬಿಡದೆ.
ಇದು ಚೆಲ್ಲಿದ್ದು,
ಎಂಟುನೂರಾ ಮೂವತ್ತೊಂದು ಜನರದ್ದು.

ಬಿಸಿಲು ಏರುತ್ತಿತ್ತು.
ನಾರು ಕೆಳಗಿಟ್ಟೆ.